ನಿಲ್ಲದೆ ಓಡಿದ ಮೂರನೇ ಸೀಡಿ

ನಿಲ್ಲಬೇಕಾದ ಕಡೆ ಸೀಡಿ ನಿಲ್ಲಲೇ ಇಲ್ಲ.

ಟಿವಿಯಲ್ಲಿ ಮದುಮಗ ಅಂಜಿನಪ್ಪ ತಾಳಿ ಹಿಡಿದು ಮುಂದಕ್ಕೆ ಬಾಗಿದ. ವಾಲಗ ಜೋರಾಯಿತು. ನಾಲ್ಕೂ ಕಡೆಯಿಂದ ಅಕ್ಕಿಕಾಳು ಬಿದ್ದವು. ಪಂಪಾವತಿಯ ಕೊರಳಿಗೆ ಮೂರು ಗಂಟೂ ಬಿದ್ದು, ಚಿತ್ರ ಸಲೀಸಾಗಿ ಊಟದ ಪಂಕ್ತಿಯ ಕಡೆಗೆ ಹೊರಳಿತು.

"ಅಯ್ಯ ನನ ಶಿವನ! ತಾಳಿ ಕಟ್ಟೇಬಿಟ್ನಲ್ಲ!" ಎಂದು ಹೊನ್ನೂರಮ್ಮ ಕೂತಲ್ಲಿಂದ ಅರ್ಧ ಎದ್ದಳು.

ಸೋಫಾದ ತುದಿಯಲ್ಲಿದ್ದ ಮಗ ಉಮಾಪತಿ ನಕ್ಕ. "ಏನವ್ವಾ ನಿಂದು. ಮದುವಿ ಅಂದ್ರ ತಾಳಿ ಕಟ್ಟಲಾರದ ಬಿಡ್ತಾರೇನು?"

"ಅದಲ್ಲಲೇ. ಈ ಸೀಡಿಯೊಳಗ ಅಂವ ಒಂದು ದಿನಾನೂ ಕಟ್ಟಿಲ್ಲ. ಬಾಗತಾನ, ಹಂಗ ನಿಂತಬಿಡತಾನ. ಆಮ್ಯಾಲ ಚಿತ್ರ ಎಲ್ಲಾ ಚೌಕ ಚೌಕ ಆಗಿ, ಒಮ್ಮಿಗೇ ಎಲ್ಲಾರೂ ಊಟಕ್ಕ ಕುಂತಿರತಾರ. ಹದಿಮೂರು ವರ್ಷ ಆತು, ಮಗಳ ತಾಳಿ ನಾನು ಟೀವ್ಯಾಗ ನೋಡಿದ್ದು ಇವತ್ತ!"

ಉಮಾಪತಿಯ ನಗು ಅಲ್ಲಿಗೇ ನಿಂತಿತು. ಜ್ಯೋತಿಲಕ್ಷ್ಮಿ ಅದನ್ನು ನೋಡಿದಳು. ಪೊಲೀಸ್ ಕೆಲಸ ಬಿಟ್ಟು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಸ್ವಂತ ಪತ್ತೇದಾರಿ ಕಚೇರಿ ತೆರೆದ ಈ ಹೆಂಗಸಿಗೆ ತಾಳ್ಮೆ ಕಡಿಮೆ, ನಾಲಿಗೆ ಚುರುಕು. ಕಣ್ಣು ಮಾತ್ರ ಎದುರಿನವರ ಮುಖ ಬಿಟ್ಟು ಕದಲುವುದಿಲ್ಲ.

ಅವಳ ಪಕ್ಕದಲ್ಲಿ ಇರ್ಫಾನಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಇವಳ ತಂದೆ ಶಾಬುದ್ದೀನ್ ಈ ಮದುವೆಯ ವಿಡಿಯೊ ತೆಗೆದವನು. ಈಗ ಬಳ್ಳಾರಿ ಜೈಲಿನಲ್ಲಿದ್ದಾನೆ. ಕಳೆದ ತಿಂಗಳು ಸಿರುಗುಪ್ಪ ರಸ್ತೆಯ ಹಾಳುಬಾವಿಯ ಹೂಳೆತ್ತುವಾಗ ಮನುಷ್ಯನ ಮೂಳೆ ಸಿಕ್ಕವು, ಜೊತೆಗೊಂದು ಬೆಳ್ಳಿ ಕಡಗ. ಕಡಗ ಮಾರೇಶನದು. ಶಾಬುದ್ದೀನನ ಜೊತೆ ಮದುವೆ ಮದುವೆಗೆ ಲೈಟು ಹಿಡಿಯಲು ಹೋಗುತ್ತಿದ್ದವನು, ಇದೇ ಮದುವೆಯ ದಿನ ಕಾಣೆಯಾದವನು. ಆ ಬೆಳಿಗ್ಗೆ ಬಲ್ಬು ಒಡೆದ ಸಿಟ್ಟಿಗೆ ಶಾಬುದ್ದೀನ್ ನಾಲ್ಕು ಜನರ ಎದುರು ಅವನ ಕೆನ್ನೆಗೆ ಹೊಡೆದಿದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು.

ಹೆಣ್ಣು ಒಪ್ಪಿಸುವ ಹೊತ್ತಿಗೆ ಮಾರೇಶ ಲೈಟನ್ನು ತನ್ನ ಕೈಗೆ ಕೊಟ್ಟು ಗಂಡಿನವರ ಜೀಪು ಹತ್ತಿದ, ತಾನು ಹೆಣ್ಣಿನ ಊರು ಕುರುಗೋಡಿನಲ್ಲೇ ಉಳಿದೆ ಎಂದು ಶಾಬುದ್ದೀನ್ ಬಡಕೊಂಡ. ಯಾರು ಕೇಳುತ್ತಾರೆ? ಅದೇ ಜೀಪಿನಲ್ಲಿ ಗಂಡಿನ ಊರು ಸಿರುಗುಪ್ಪಕ್ಕೆ ಹೋದ ಪಂಪಾವತಿಯೂ ಅಂಜಿನಪ್ಪನೂ, ನಮ್ಮವರನ್ನು ಬಿಟ್ಟು ಒಬ್ಬರೂ ಹತ್ತಲಿಲ್ಲ ಎಂದು ಹೇಳಿಕೆ ಕೊಟ್ಟಿದ್ದರು. ಶೂಟಿಂಗಿನ ಟೇಪುಗಳ ಮೇಲೆ ಆಮೇಲೆ ಬೇರೆ ಎಷ್ಟೋ ಮದುವೆಗಳು ತುಂಬಿ ಈ ಮದುವೆ ಅಳಿಸಿಹೋಗಿತ್ತು. ಶಾಬುದ್ದೀನನ ಮಾತು ನಿಜವೆಂದು ತೋರಿಸಲು ಉಳಿದದ್ದು ಈ ಮನೆಯ ಮೂರನೇ ಸೀಡಿಯ ಕೊನೆಯ ಭಾಗ ಒಂದೇ. ನಾಳೆ ಜಾಮೀನಿನ ಅರ್ಜಿ ಕೋರ್ಟಿನ ಮುಂದೆ ಬರಲಿತ್ತು.

ಆ ಕೊನೆಯ ಭಾಗವೂ ಬಂತು. ಪಂಪಾವತಿ ಅಳುತ್ತ ಜೀಪು ಹತ್ತಿದಳು. ಮಾರೇಶ ಲೈಟು ಹಿಡಿದು ಪಕ್ಕದಲ್ಲಿ ನಿಂತಿದ್ದ. ಅಷ್ಟೇ. ಪರದೆ ನೀಲಿಯಾಯಿತು.

"ಮುಗೀತು ನೋಡ್ರಿ," ಉಮಾಪತಿ ರಿಮೋಟ್ ಎತ್ತಿಕೊಂಡ. "ಇಷ್ಟ ಇರೋದು. ಪಾಪ, ನಿಮಗೂ ಬಿಸಲಾಗ ಅಡ್ಡಾಟ ಆತು."

ಜ್ಯೋತಿಲಕ್ಷ್ಮಿ ಅವನ ಕಡೆ ತಿರುಗಲೇ ಇಲ್ಲ. "ಹೊನ್ನೂರಮ್ಮಾರ, ತಾಳಿ ಕಟ್ಟೋ ಕಡೆ ಅದು ಯಾಕ ನಿಲ್ತಿತ್ತು?"

"ಅದು ನನ್ನ ತಪ್ಪವ್ವಾ," ಹೊನ್ನೂರಮ್ಮನಿಗೆ ನಾಚಿಕೆಯಾಯಿತು. "ಸೀಡಿ ಮನಿಗೆ ಬಂದ ದಿನ ದೇವರ ಮುಂದ ಇಟ್ಟು ಪೂಜಿ ಮಾಡಿದೆ. ಅರಿಶಿಣ ಕುಂಕುಮ ಹಚ್ಚಬೇಕಲ್ಲ? ಯಾವ ಕಡೆ ಮಕ, ಯಾವ ಕಡೆ ಬೆನ್ನು ಅಂತ ನನಗೇನು ಗೊತ್ತು? ಹೊಳಿಯೋ ಕಡೇನ ಮಕ ಅಂದ್ಕೊಂಡು ಮ್ಯಾಲಿಂದಕ್ಕ ಒತ್ತಿ ಹಚ್ಚಿದೆ. ಹುಡುಗರು ಲಬಲಬ ಹೊಯ್ಕೊಂಡ್ರು. ಸೆರಗಿಲೆ ಗರಗರ ಸುತ್ತಿ ಒರಸಿದೆ. ಅವತ್ತಿನಿಂದ ಅಳಿಯ ಬಾಗಿದಾಂವ ಬಾಗೇ ನಿಂತ."

ಹೇಳಿ, ಇಂಥ ಮುಗ್ಧೆಯ ಮೇಲೆ ಯಾರು ಸಿಟ್ಟು ಮಾಡಬೇಕು? ಕುಂಕುಮದ ಕಣಗಳ ಮೇಲೆ ಸೆರಗು ಒತ್ತಿ ತಿರುಗಿಸಿದರೆ ಗೀರು ಬೀಳುವುದು ಸೀಡಿಯ ಮೇಲೆ ಸುತ್ತು ಸುತ್ತಾಗಿ ಸಾಗುವ ಬರಹದ ದಾರಿಯ ಉದ್ದಕ್ಕೇ. ಒಳಗಿನಿಂದ ಹೊರಗೆ ನೇರ ಒರೆಸಿದ್ದರೆ ಯಂತ್ರ ಹೇಗೋ ದಾಟಿಕೊಂಡು ಹೋಗುತ್ತಿತ್ತು. ಸುತ್ತು ಗೀರು ಬಿತ್ತೆಂದರೆ ಅಲ್ಲೇ ಮುಗ್ಗರಿಸುತ್ತದೆ.

ಜ್ಯೋತಿಲಕ್ಷ್ಮಿ ಎದ್ದು ಪ್ಲೇಯರಿನಿಂದ ಸೀಡಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಹೊಳೆಯುವ ಕಡೆ ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ತಿರುಗಿಸಿದಳು. ಬೆನ್ನಿಗೆ ಗಂಡು ಹೆಣ್ಣಿನ ಫೋಟೊ ಇರುವ ದುಂಡನೆ ಸ್ಟಿಕರ್, ಕೆಳಗೆ 'ಭಾಗ ೩'. ಸ್ಟಿಕರ್ ಹಳದಿಗಟ್ಟಿತ್ತು, ಬಣ್ಣ ಮಾಸಿತ್ತು, ಅಲ್ಲಲ್ಲಿ ಗುಳ್ಳೆ ಎದ್ದಿತ್ತು.

"ಸ್ಟಿಕರಿಗೆ ವಯಸ್ಸಾಗೇತಿ, ಸೀಡಿಗೆ ಆಗಿಲ್ಲಲ್ಲ ಉಮಾಪತಿಯವರ? ಬಳ್ಳಾರಿ ಸೀಮಿ ಬಿಸಲಿಗೆ ಕಬ್ಬಣ ಕಾಯ್ತೈತಿ. ಕಂಪ್ಯೂಟರಿನ್ಯಾಗ ಬರದ ಸೀಡಿ ಇಷ್ಟು ವರ್ಷ ಹಿಂಗ ಮಿಂಚತಿರತೈತೇನು?"

"ಜೋಪಾನ ಮಾಡಿದ್ರ ಯಾಕ ಮಿಂಚಂಗಿಲ್ರಿ?"

"ಮೇಡಂ," ಇರ್ಫಾನಾ ಮೊದಲ ಸಲ ಬಾಯಿ ತೆರೆದಳು. "ಸ್ಟಿಕರ್ ಕೆಳಗ ನೋಡ್ರಿ. ನಮ್ಮ ಅಬ್ಬಾಗ ಸೀಡಿ ಮ್ಯಾಲ ಸ್ಟಿಕರ್ ಅಂಟಸೋದು ಅಂದ್ರ ಆಗ್ತಿರಲಿಲ್ಲ. ಕಾವಿಗೆ ಕಾಗದ ಉಬ್ಬತೈತಿ, ಸೀಡಿ ಸೊಟ್ಟ ಆಗತೈತಿ ಅಂತಿದ್ರು. ಮಂದಿ ಫೋಟೊ ಬೇಕ ಬೇಕು ಅಂದ್ರ ಅಂಟಸ್ತಿದ್ರು. ಆದ್ರ ಮೊದ್ಲು ಮಾರ್ಕರಿನ್ಯಾಗ ನಡುವಿನ ತೂತಿನ ಸುತ್ತ ಊರು, ಹೆಸರು ಬರೀತಿದ್ರು. ಸ್ಟಿಕರ್ ಉದುರಿದ್ರೂ ಯಾರ ಮದುವಿ ಅಂತ ತಿಳೀಬೇಕಲ್ಲ."

"ಏ, ಹರೀಬ್ಯಾಡ್ರಿ! ಅಕ್ಕನ ಫೋಟೊ ಅದು," ಉಮಾಪತಿ ಕೈ ಚಾಚಿದ.

ಅಷ್ಟರಲ್ಲಿ ಜ್ಯೋತಿಲಕ್ಷ್ಮಿಯ ಉಗುರು ಅಂಚಿನ ಕೆಳಗೆ ಹೊಕ್ಕಿತ್ತು. ಹಳೆಯ ಸ್ಟಿಕರ್ ಹರಿಯಲೇ ಇಲ್ಲ. ಕೆಳಗಿನ ಗೋಂದು ಹೊಸದು, ಇನ್ನೂ ಮೆತ್ತಗಿತ್ತು. ಕಾಗದ ಇಡಿಯಾಗಿ ಎದ್ದು ಬಂತು. ಕೆಳಗೆ ಬೋಳು ಸೀಡಿ. ಊರಿಲ್ಲ, ಹೆಸರಿಲ್ಲ, ಮಾರ್ಕರಿನ ಒಂದು ಚುಕ್ಕೆಯೂ ಇಲ್ಲ.

ಉಮಾಪತಿಗೆ ಊರಲ್ಲಿ ಫ್ಲೆಕ್ಸ್ ಬ್ಯಾನರಿನ ಅಂಗಡಿಯಿತ್ತು. ಕಂಪ್ಯೂಟರು, ಅಂಟು, ಕತ್ತರಿ, ಎಲ್ಲ ಅವನ ಕೈಯಳತೆಯಲ್ಲೇ ಇದ್ದವು.

"ಹೌದ್ರಿ, ಕಾಪಿ ಮಾಡೀನಿ," ಅವನು ದನಿ ಏರಿಸಿದ. "ಹಳೇದು ನಿಲ್ತಿತ್ತು. ಹಲ್ಲುಜ್ಜೋ ಪೇಸ್ಟ್ ಹಚ್ಚಿ ತಿಕ್ಕಿ, ಕಂಪ್ಯೂಟರಿನ್ಯಾಗ ಮೆತ್ತಗ ಓದಿಸಿ ಹೊಸಾದಕ್ಕ ಹಾಕೀನಿ. ಅವ್ವ ಮಗಳ ತಾಳಿ ನೋಡ್ಲಿ ಅಂತ. ಅದೂ ಅಪರಾಧ ಏನು?"

"ಒಳ್ಳೇ ಮಗ," ಎಂದಳು ಜ್ಯೋತಿಲಕ್ಷ್ಮಿ. "ಆದ್ರ ಅಸಲು ಅಂತ ಯಾಕ ಕೊಟ್ಟಿ ನನಗ?"

"ಎರಡೂ ಒಂದ ಅಲ್ಲೇನ್ರಿ?"

"ಒಂದ ಆಗಿದ್ರ ಜೀಪು ಹೊರಡೋದನ್ನ ನಾನೂ ನೋಡ್ತಿದ್ದೆ. ಹೆಣ್ಣು ಒಪ್ಪಿಸೋದು ತೆಗದ ಮನಷಾ ಜೀಪು ಹೋಗೋ ಮೊದಲ ಕ್ಯಾಮ್ರಾ ಬಂದ್ ಮಾಡ್ತಾನೇನು? ಕತ್ತರಿ ಎಲ್ಲಿ ಆಡಿಸೀಯೋ ಅದನ್ನ ಹೇಳು. ಹಳೇದು ಎಲ್ಲೈತಿ?"

"ಹೋತ್ರಿ, ಕಸದಾಗ ಒಗದೆ."

"ಸುಳ್ಳ್ಯಾಕ ಹೇಳ್ತಿಲೇ?" ಹೊನ್ನೂರಮ್ಮನಿಗೆ ಮಗನನ್ನು ಸಿಕ್ಕಿಸುವ ಯೋಚನೆಯೇನೂ ಇರಲಿಲ್ಲ, ತನ್ನ ಮನೆಯಲ್ಲಿ ಯಾವ ವಸ್ತುವೂ ಸುಮ್ಮನೆ ಕಸಕ್ಕೆ ಹೋಗುವುದಿಲ್ಲ ಎಂಬುದಷ್ಟೇ ಅವಳ ಹಟ. "ನಿನ್ನ ಅಂಗಡಿಯಿಂದ ಬಂದ ಕಸದ ಚೀಲದಾಗ ಸೀಡಿ ಇದ್ವು. ಎಲ್ಲಾ ಆರಿಸಿ ಹೊಲದ ಆಳು ದುರುಗಪ್ಪನ ಕೈಯಾಗ ಕೊಟ್ಟೆ. ಭತ್ತ ಹಾಲು ತುಂಬೈತಿ, ಗುಬ್ಬಿ ಕಾಟ. ಸಿರಿಗೇರಿ ಹೊಲದಾಗ ಕಟ್ಟ್ಯಾನ."

ಉಮಾಪತಿ ತಾಯಿಯನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟದೆ ಹೊರಗೆ ಹಾರಿದ. ಬೈಕು ಗುಡುಗಿ ಬೀದಿ ದಾಟಿತು.

ಜ್ಯೋತಿಲಕ್ಷ್ಮಿ ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಹೊನ್ನೂರಮ್ಮ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. "ನನ್ನ ಹೊಲ. ನಾನ ತೋರಸ್ತೀನಿ. ಹೊಡೀರಿ ಗಾಡಿ."

ಸಿರಿಗೇರಿಯ ರಸ್ತೆಯಲ್ಲಿ ಭತ್ತದ ಗದ್ದೆಗಳು ಎರಡೂ ಕಡೆ ಹಸಿರಾಗಿ ಬಿದ್ದಿದ್ದವು. ಯಾರ ಕಣ್ಣಿಗೆ ಹಸಿರು ಬೇಕಿತ್ತು? ಬಿಸಿಲು ಕಾರಿನ ತಗಡನ್ನು ಸುಡುತ್ತಿತ್ತು. ಕಂಪ್ಯೂಟರಿನಲ್ಲಿ ಬರೆದ ಸೀಡಿಯ ಬರಹವೆಲ್ಲ ತೆಳ್ಳನೆಯ ಬಣ್ಣದ ಪದರದಲ್ಲಿರುತ್ತದೆ, ಬಿಸಿಲಿಗೆ ಆ ಬಣ್ಣ ಹಾರಿತೆಂದರೆ ಸೀಡಿ ಬರೀ ಕನ್ನಡಿ. ಗುಬ್ಬಿ ಹೆದರಿಸಲು ಕನ್ನಡಿ ಸಾಕು, ಕೋರ್ಟಿಗೆ ಸಾಲದು.

"ಸಿಗತೈತಲ್ಲ ಮೇಡಂ?" ಇರ್ಫಾನಾ ಕೇಳಿದಳು.

"ಸಿಗಬೇಕು," ಎಂದಳು ಜ್ಯೋತಿಲಕ್ಷ್ಮಿ. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಧೈರ್ಯವಾಗಲಿಲ್ಲ.

ಅವರು ಬದುವಿಗೆ ಬರುವ ಹೊತ್ತಿಗೆ ಉಮಾಪತಿ ಗದ್ದೆಯ ನಡುವೆ ಮೊಣಕಾಲವರೆಗೆ ಕೆಸರಿನಲ್ಲಿ ನಿಂತು, ಗೂಟದಿಂದ ಗೂಟಕ್ಕೆ ಹೋಗಿ ಸೀಡಿಗಳನ್ನು ಕಿತ್ತು ತುಂಡು ಮಾಡುತ್ತಿದ್ದ. ಯಾವುದು ಏನೆಂದು ನೋಡುವ ವ್ಯವಧಾನ ಅವನಿಗಿರಲಿಲ್ಲ. ಹಳೆಯ ಸಿನಿಮಾ, ಹಾಡು, ಭಜನೆ, ಎಲ್ಲ ಮುರಿದು ನೀರಿಗೆ ಬೀಳುತ್ತಿದ್ದವು.

"ಲೇ ಉಮಾಪತಿ! ತಲಿ ಕೆಟ್ಟೈತೇನಲೇ ನಿಂದು? ಪೈರು ತುಳೀತಿದಿ!" ಹೊನ್ನೂರಮ್ಮ ಕೂಗಿದಳು.

"ಯವ್ವಾ, ನಿನ್ನ ಕಾಲು ಬೀಳ್ತೀನಿ, ಮನಿಗೆ ಹೋಗು," ಅವನು ಅಳುವ ದನಿಯಲ್ಲಿ ಕೂಗಿದ. "ನನ್ನ ಸಲುವಾಗಿ ಅಲ್ಲವ್ವಾ ನಾನು ಮಾಡಾಕತ್ತಿರೋದು!"

ಆ ಮಾತು ಜ್ಯೋತಿಲಕ್ಷ್ಮಿಯ ಎದೆಯಲ್ಲಿ ನಾಟಿತು. ಕೊಲೆಗಾರ ಹೀಗೆ ಅಳುವುದಿಲ್ಲ. ಹಾಗಾದರೆ ಯಾರ ಸಲುವಾಗಿ?

ಇರ್ಫಾನಾ ಮಾತ್ರ ಅವನ ಕಡೆ ನೋಡುತ್ತಿರಲಿಲ್ಲ. ಬದುವಿನ ಕೊನೆಯಲ್ಲಿ ಒಂದು ಜಾಲಿಮರ. ಗೂಟ ಸಾಲದೆ ಉಳಿದ ನಾಲ್ಕಾರು ಸೀಡಿಗಳನ್ನು ದುರುಗಪ್ಪ ಅದರ ಒಳಗಿನ ಕೊಂಬೆಗೆ ಕಟ್ಟಿಹೋಗಿದ್ದ. ಅವಳು ಮುಳ್ಳು ಲೆಕ್ಕಿಸದೆ ಕೈ ಹಾಕಿದಳು. ಒಂದು ಸಿನಿಮಾದ್ದು. ಇನ್ನೊಂದು ಯಾವುದೋ ಆಟದ್ದು. ಮೂರನೆಯದರ ಬೆನ್ನಿಗೆ ಕಿತ್ತ ಸ್ಟಿಕರಿನ ಕೆಳಪದರದ ಚೂರುಗಳು ಅಂಟಿದ್ದವು, ಅವುಗಳ ನಡುವೆ, ತೂತಿನ ಸುತ್ತ, ಮಾಸಿದ ನೀಲಿ ಅಕ್ಷರ: ಕುರುಗೋಡು, ಪಂಪಾವತಿ.

"ಅಬ್ಬಾನ ಅಕ್ಷರ," ಎಂದಳು. ಕೈಯಿಂದ ರಕ್ತ ಜಿನುಗುತ್ತಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ.

ಜ್ಯೋತಿಲಕ್ಷ್ಮಿ ಅಂಚು ಹಿಡಿದು ತಿರುಗಿಸಿದಳು. ಹೊಳೆಯುವ ಕಡೆ ಪೇಸ್ಟಿನಿಂದ ತಿಕ್ಕಿದ ಮಬ್ಬು, ಅದರ ಕೆಳಗೆ ಸೆರಗಿನ ಸುತ್ತು ಗೀರು. ನಡುವಿನಲ್ಲಿ ಬಣ್ಣ ಗಟ್ಟಿಯಾಗಿತ್ತು, ಹೊರ ಅಂಚಿನಲ್ಲಿ ಪೇಲವವಾಗಿತ್ತು. ಸೀಡಿಯ ಬರಹ ನಡುವಿನಿಂದ ಹೊರಗೆ ಬರುತ್ತದೆ, ಕೊನೆಯ ದೃಶ್ಯ ಇರುವುದು ಅಂಚಿನ ಹತ್ತಿರವೇ.

"ಇಲ್ಲಿ ಕೊಡ್ರಿ," ಹೊನ್ನೂರಮ್ಮ ಕೈ ಚಾಚಿ ಇಸಿದುಕೊಂಡಳು. "ಇದು ನಮ್ಮ ಮನೀದು. ಮೊದ್ಲು ನಾನು ನೋಡ್ತೀನಿ. ನನ್ನ ಮಗ ಕೆಸರಾಗ ಬಿದ್ದು ಅಳೋವಂಥಾದು ಇದರಾಗ ಏನೈತಿ ಅಂತ ನನಗ ತಿಳೀಬೇಕು. ಆಮ್ಯಾಲ ನಿಮಗ."

ವಾದ ಮಾಡುವ ಹೊತ್ತಲ್ಲ. ಜ್ಯೋತಿಲಕ್ಷ್ಮಿಯ ಲ್ಯಾಪ್‌ಟಾಪಿಗೆ ಸೀಡಿ ಹಾಕುವ ಬಾಯಿಯೇ ಇರಲಿಲ್ಲ, ಈಗಿನ ಯಾವುದಕ್ಕೂ ಇರುವುದಿಲ್ಲ. ಇದನ್ನು ಇಷ್ಟು ವರ್ಷ ಓದಿದ ಪ್ಲೇಯರ್ ಇದ್ದದ್ದು ಕುರುಗೋಡಿನ ಅದೇ ಮನೆಯಲ್ಲಿ. ಒಪ್ಪಿದಳು. ಒಪ್ಪಬಾರದಿತ್ತು ಎಂದು ಅವಳಿಗೆ ಅನ್ನಿಸಿದ್ದು ಆಮೇಲೆ.

ಪ್ಲೇಯರ್ ಗುರ್ರೆಂದಿತು, ಸುಮ್ಮನಾಯಿತು, ಮತ್ತೆ ಗುರ್ರೆಂದಿತು. ಇರ್ಫಾನಾ ಕಣ್ಣು ಮುಚ್ಚಿ ತುಟಿಯಲ್ಲೇ ದುವಾ ಹೇಳುತ್ತಿದ್ದಳು. ಚಿತ್ರ ಬಂತು. ಅಂಜಿನಪ್ಪ ತಾಳಿ ಹಿಡಿದು ಬಾಗಿದ, ಹಾಗೇ ನಿಂತ.

"ಇದ! ಇದ ನಮ್ಮದು!" ಹೊನ್ನೂರಮ್ಮ ಚಪ್ಪಾಳೆ ಹೊಡೆದಳು.

ಜ್ಯೋತಿಲಕ್ಷ್ಮಿ ರಿಮೋಟಿನಲ್ಲಿ ಮುಂದಕ್ಕೆ ಓಡಿಸಿದಳು. ಊಟ, ಉಡುಗೊರೆ, ಅಳು. ಅಂಚಿಗೆ ಹೋದ ಹಾಗೆ ಚಿತ್ರ ಒಡೆಯತೊಡಗಿತು. ದನಿ ಬಂದರೆ ಮುಖವಿಲ್ಲ, ಮುಖ ಬಂದರೆ ದನಿಯಿಲ್ಲ. ಜೀಪು ಕಂಡಿತು. ಪಂಪಾವತಿ ಹತ್ತಿದಳು. ಕಾಪಿಯಲ್ಲಿ ಪರದೆ ನೀಲಿಯಾದ ಜಾಗ ಬಂತು, ದಾಟಿತು.

ಜೀಪಿನೊಳಗಿಂದ ಬಳೆ ತುಂಬಿದ ಕೈಯೊಂದು ಹೊರಗೆ ಚಾಚಿತು. ಪಂಪಾವತಿ ಕಣ್ಣು ಒರೆಸಿಕೊಳ್ಳುತ್ತ ಕರೆಯುತ್ತಿದ್ದಳು. "ಮಾರೇಶಣ್ಣ, ನೀನೂ ಬಾ. ಸಿರುಗುಪ್ಪತನಕ ನಮ್ಮ ಜೋಡಿ ಬಾ."

ಕ್ಯಾಮರಾದ ಹಿಂದಿನಿಂದ ಶಾಬುದ್ದೀನನ ದನಿ: "ಹೋಗಿ ಬಾರಲೇ ಮಾರೇಶ. ಲೈಟು ಇಲ್ಲಿ ಕೊಡು. ಬೆಳಿಗ್ಗಿ ಹೊಡದದ್ದು ಮನಸಿಗೆ ಹಚ್ಕೋಬ್ಯಾಡಪ್ಪ."

ಮಾರೇಶ ನಕ್ಕ. ಲೈಟು ಕ್ಯಾಮರಾದ ಕಡೆಗೆ ಬಂತು, ಪರದೆ ಬೆಳ್ಳಗಾಯಿತು. ಮತ್ತೆ ಕಾಣುವಷ್ಟರಲ್ಲಿ ಜೀಪು ಬೀದಿಯ ತುದಿಯಲ್ಲಿತ್ತು. ಹಿಂದಿನ ಸೀಟಿನಲ್ಲಿ ಮಾರೇಶ, ಅವನ ಹೆಗಲ ಮೇಲೆ ಅಂಜಿನಪ್ಪನ ಕೈ. ಶಾಬುದ್ದೀನ್ ಕುರುಗೋಡಿನಲ್ಲೇ ನಿಂತು ಇನ್ನೂ ತೆಗೆಯುತ್ತಿದ್ದ.

"ಅಬ್ಬಾ!" ಇರ್ಫಾನಾ ಬಿಕ್ಕಿ ಅತ್ತಳು. ಫೋನಿನಲ್ಲಿ ಎಲ್ಲ ಹಿಡಿದಿದ್ದಳು, ಆದರೆ ಟಿವಿಯ ಮೇಲಿಂದ ಫೋನಿನಲ್ಲಿ ಹಿಡಿದದ್ದನ್ನು ಸರ್ಕಾರಿ ವಕೀಲರು ಒಂದೇ ಮಾತಿಗೆ ಹಾರಿಸಿಬಿಡುತ್ತಾರೆ. ಬೇಕಾದದ್ದು ಆ ಸೀಡಿ.

ಆ ಸೀಡಿ ಹೊನ್ನೂರಮ್ಮನ ಕೈಯಲ್ಲಿತ್ತು. ಯಾವಾಗ ಎದ್ದು ಪ್ಲೇಯರಿನಿಂದ ತೆಗೆದಳೋ ಯಾರಿಗೂ ತಿಳಿಯಲಿಲ್ಲ.

"ನನ್ನ ಮಗಳು ಕರದ್ಲು," ಎಂದಳು. "ಕರದು, ಕರದಿಲ್ಲ ಅಂತ ಪೊಲೀಸರಿಗೆ ಹೇಳ್ಯಾಳ."

"ಅದಕ್ಕ ಬ್ಯಾಡ ಅಂದೆನವ್ವಾ ನಾನು." ಬೈಕಿನಲ್ಲಿ ಹಿಂದೆಯೇ ಬಂದ ಉಮಾಪತಿ ಕೆಸರುಗಾಲಲ್ಲಿ ಹೊಸ್ತಿಲ ಹೊರಗೆ ನಿಂತಿದ್ದ. "ಮೂಳಿ ಸಿಕ್ಕ ದಿನಾನ ಇದನ್ನ ಹಾಕಿ ನೋಡಿದೆ. ಇದು ಕೋರ್ಟಿಗೆ ಹೋದ್ರ ಮೊದ್ಲು ಎಳಕೊಂಡು ಹೋಗೋದು ಅಕ್ಕನ್ನ."

ಹೊನ್ನೂರಮ್ಮನ ಎರಡೂ ಕೈ ಸೀಡಿಯನ್ನು ಬಗ್ಗಿಸತೊಡಗಿದವು. ಪ್ಲಾಸ್ಟಿಕ್ಕು ಬಾಗಿತು, ನಡುವಿನಲ್ಲಿ ಬೆಳ್ಳನೆ ಗೆರೆ ಮೂಡಿತು. ಜ್ಯೋತಿಲಕ್ಷ್ಮಿ ಒಂದು ಹೆಜ್ಜೆ ಇಟ್ಟಳು, ಸೀಡಿ ಇನ್ನಷ್ಟು ಬಾಗಿತು. ನಿಂತಳು.

"ದೊಡ್ಡಮ್ಮಾ," ಇರ್ಫಾನಾ ಅವಳ ಕಾಲ ಬಳಿ ಕುಸಿದಳು. "ನಮ್ಮ ಅಬ್ಬಾ ಏನೂ ಮಾಡಿಲ್ಲ. ನೀವ ಕೇಳಿದ್ರಲ್ಲ ಅವರ ದನಿ."

"ಕೇಳಿದೆ ತಂಗಿ. ನಿನಗ ನಿಮ್ಮಪ್ಪ ಬೇಕು. ನನಗ ನನ್ನ ಮಗಳು ಬ್ಯಾಡೇನು?" ಹೊನ್ನೂರಮ್ಮ ಅಳುತ್ತಿದ್ದಳು. "ಉಮಾಪತಿ, ಅಕ್ಕಗ ಫೋನ್ ಹಚ್ಚು. ಎಲ್ಲಾರಿಗೂ ಕೇಳೋ ಹಂಗ ಹಚ್ಚು. ಆಕಿ ಬಾಯಿಂದ ಒಂದು ಮಾತು ಬರಲಿ. ಅದರ ಮ್ಯಾಲ ನಾನು ಮುರೀತೀನೋ ಕೊಡ್ತೀನೋ ನೋಡ್ತೀನಿ."

ಉಮಾಪತಿ ಹಚ್ಚಿದ. ಆ ಕಡೆ ಎತ್ತಿದರು.

"ಪಂಪಾವತೀ, ಸುಳ್ಳು ಹೇಳಬ್ಯಾಡ ನನ್ನವ್ವ. ಅವತ್ತು ಮಾರೇಶ ನಿಮ್ಮ ಜೀಪು ಹತ್ತಿದ್ದನ್ನ ನಾನು ಈಗ ಕಣ್ಣಾರೆ ನೋಡೀನಿ. ಎಲ್ಲಿ ಇಳದ ಅಂವ?"

ಆ ಕಡೆ ಉಸಿರು ಕೇಳಿಸಿತು.

"ಅತ್ತೀ," ಎಂದಿತು ಗಂಡು ದನಿ. ಅಂಜಿನಪ್ಪ. ದನಿಯಲ್ಲಿ ಗಾಬರಿಯಿರಲಿಲ್ಲ. "ಆ ಹಳೇ ಸೀಡಿ ಇನ್ನೂ ಐತೇನ್ರಿ?"

ಹೊನ್ನೂರಮ್ಮನ ಅಳು ತಟ್ಟನೆ ನಿಂತಿತು. ಅವಳು ಇರ್ಫಾನಾಳ ಮುಖ ನೋಡಿದಳು. ಬಾಗಿದ್ದ ಸೀಡಿಯನ್ನು ಮೆಲ್ಲಗೆ, ಒಂದಿಷ್ಟೂ ಸದ್ದಾಗದ ಹಾಗೆ, ನೆಟ್ಟಗೆ ಮಾಡಿ ಮಡಿಲಲ್ಲಿ ಇಟ್ಟುಕೊಂಡಳು.

"ಇಲ್ಲಪ್ಪ," ಎಂದಳು. "ಈಗ ಮುರದು ಒಲಿಗೆ ಹಾಕಿದೆ."

"ಚಲೋ ಮಾಡಿದ್ರಿ ಅತ್ತಿ." ಅಂಜಿನಪ್ಪ ನಿಟ್ಟುಸಿರು ಬಿಟ್ಟ. "ಹಂಗಾದ್ರ ಇನ್ನ ಬಾಯಿ ಬಿಡಾಕ ಉಳದಾಕಿ ಪಂಪಾವತಿ ಒಬ್ಬಾಕಿ."

ಫೋನು ಕಟ್ಟಾಯಿತು.